ಗುಂಡಿನ ಪೆನ್ನು ಸಿಡಿಯುತ್ತಾ?

ಪ್ರಶ್ನೆ: ಅಮೆರಿಕದಿಂದ ಬಂದ ಭಾವ ಒಂದು ಪೆನ್ನು ಕೊಟ್ಟಿದ್ದಾರೆ. ನಿಜವಾದ ರೈಫಲ್ ಕಾಡತೂಸಿನಿಂದ ಮಾಡಿದ್ದಂತೆ. ಅಮ್ಮ ಅದನ್ನು ಮನೆಯೊಳಗೆ ಇಡೋಕೂ ಬಿಡುತ್ತಿಲ್ಲ. ಬಿಸಿಲಿಗೋ, ಕೆಳಗೆ ಬಿದ್ದೋ ಸಿಡಿದುಬಿಟ್ಟರೆ? ಜೇಬಲ್ಲಿ ಇಟ್ಟುಕೊಂಡು ಓಡಾಡಬಹುದಾ?

ಉತ್ತರ: ಸಿಡಿಯುವುದಿಲ್ಲ. ಹಾರಿಸಿ ಮುಗಿದ ಕಾಡತೂಸಿನದ್ದಾದರೆ ಸಿಡಿಯೋಕೆ ಬೇಕಾದದ್ದು ಏನೂ ಅದರಲ್ಲಿ ಉಳಿದಿರುವುದಿಲ್ಲ. ಆದರೆ ಜೇಬಿನ ವಿಷಯಕ್ಕೆ ಒಂದು ಎಚ್ಚರಿಕೆ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ರೈಫಲ್ಲಿಗೆ ತುಂಬುವ ಕಾಡತೂಸಿನಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ಬಾಯಿಗೆ ಸಿಕ್ಕಿಸಿದ ಗುಂಡು, ತಳದ ನಡುವೆ ಕೂರಿಸಿದ ಪುಟ್ಟ ಪ್ರೈಮರ್. ಟ್ರಿಗರ್ ಒತ್ತಿದಾಗ ಬಂದೂಕಿನೊಳಗಿನ ಮೊಳೆ ಪ್ರೈಮರ್‌ಗೆ ಬಡಿಯುತ್ತದೆ. ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ, ಗುಂಡು ನಳಿಕೆಯಿಂದ ಹೊರಟುಹೋಗುತ್ತದೆ. ಹಿಂದೆ ಉಳಿಯೋದು ಖಾಲಿ ಕೊಳವೆ ಮತ್ತು ಸುಟ್ಟುಹೋದ ಪ್ರೈಮರ್. ಪೆನ್ನಾಗುವುದು ಈ ಕೊಳವೆ.

ಅಮ್ಮನಿಗೆ ನಂಬಿಕೆ ಬರಬೇಕಾದರೆ ಪೆನ್ನು ತಿರುಗಿಸಿ ಕೊಳವೆಯ ತಳ ತೋರಿಸಿ. ನಡುವಿನ ಸಣ್ಣ ಬಿಲ್ಲೆಯಲ್ಲಿ ಮೊಳೆ ಬಡಿದ ತಗ್ಗು ಕಾಣುತ್ತದೆ. ಆ ತಗ್ಗು ಇದ್ದರೆ ಅದು ಹಾರಿಸಿ ಮುಗಿದ ಕಾಡತೂಸು. ತುಂಬಾ ಪೆನ್ನುಗಳಲ್ಲಿ ತಳವನ್ನೇ ಕೊರೆದು ಅಲ್ಲಿಂದ ಮೇಲ್ಭಾಗ ಜೋಡಿಸಿರುತ್ತಾರೆ, ಪ್ರೈಮರ್ ಇರುವುದೇ ಇಲ್ಲ. ತಗ್ಗಿಲ್ಲದ ನುಣುಪು ಬಿಲ್ಲೆ ಕಂಡರೆ ಆ ಪ್ರೈಮರ್ ಹಾರದೆ ಉಳಿದಿರಬಹುದು, ಬಲ್ಲವರಿಗೆ ತೋರಿಸಿ. ಮದ್ದಿನ ಗಾಬರಿ ಮಾತ್ರ ಬೇಡ. ಒಳಗೆ ರೀಫಿಲ್ ಓಡಾಡುತ್ತಿದ್ದರೆ ಮದ್ದಿಗೆ ಜಾಗವೆಲ್ಲಿ? ಬಹುಶಃ ಹೊಸ ಕೊಳವೆಯನ್ನೇ ತಂದು ಮಾಡಿದ್ದಾರೆ. ಹಾಗಿದ್ದರೆ ‘ಯುದ್ಧಭೂಮಿಯಿಂದ ಆಯ್ದದ್ದು’ ಎಂದು ಅಂಗಡಿಯವನು ಹೇಳಿದ ಕಥೆಯನ್ನು ಮಾತ್ರ ನಂಬಬೇಡಿ. ಬಿಲ್ಲೆಯ ಸುತ್ತ ಅಕ್ಷರಗಳೂ ಇರುತ್ತವೆ. ‘ಎಲ್‌ಸಿ’ ಎಂದಿದ್ದರೆ ಅಮೆರಿಕದ ಲೇಕ್ ಸಿಟಿ ಕಾರ್ಖಾನೆಯದ್ದು, ಪಕ್ಕದ ಎರಡು ಅಂಕಿ ತಯಾರಾದ ವರ್ಷ. ನಮ್ಮ ಪುಣೆಯ ಖಡ್ಕಿ ಕಾರ್ಖಾನೆಯದ್ದಾದರೆ ‘ಕೆಎಫ್’.

ಇನ್ನು ಮಾಡುವ ಬಗೆ. ಅಮೆರಿಕದಲ್ಲಿ .308 (ಗುಂಡಿನ ದಪ್ಪ, ಇಂಚಿನಲ್ಲಿ) ಕಾಡತೂಸು ಇದಕ್ಕೆ ತುಂಬಾ ಬಳಕೆಯಲ್ಲಿದೆ. ಕೊಳವೆ 51 ಮಿ.ಮೀ. ಉದ್ದ, ತಳದಲ್ಲಿ 12 ಮಿ.ಮೀ. ದಪ್ಪ. ಬೆರಳಿಗೆ ಸರಿಯಾಗಿ ಕೂರುತ್ತದೆ. ಇನ್ನೂ ದೊಡ್ಡ .50 ಕ್ಯಾಲಿಬರ್ ಕೊಳವೆಯೇ 99 ಮಿ.ಮೀ. ಇದೆ, ಅದೊಂದರಲ್ಲೇ ಪೆನ್ನು ಮುಗಿಯುತ್ತದೆ. ಆದರೆ ಅದು ಬರೆಯೋಕಿಂತ ಮೇಜಿನ ಮೇಲೆ ಇಟ್ಟು ತೋರಿಸೋಕೇ ಸರಿ.

ಮೊದಲು ಹಳೆ ಪ್ರೈಮರನ್ನು ಒಳಗಿನಿಂದ ತಳ್ಳಿ ತೆಗೆಯುತ್ತಾರೆ. ಮಸಿ ಹೋಗುವಂತೆ ತೊಳೆಯುತ್ತಾರೆ. ಆಮೇಲೆ ಲೇತಿಗೆ ಕಟ್ಟಿ ತಳದಲ್ಲಿ ಸುಮಾರು 7 ಮಿ.ಮೀ. ಅಗಲದ ತೂತು ಕೊರೆಯುತ್ತಾರೆ. ಕೈಚಳಕ ಬೇಕಾದದ್ದು ಇಲ್ಲೇ. ಹಿತ್ತಾಳೆ ಮೆದು, ಚೂಪಾದ ಡ್ರಿಲ್ ಬಿಟ್ ಅದನ್ನು ಗಬಕ್ಕನೆ ಕಚ್ಚಿಕೊಂಡು ಒಳಗೆ ಎಳೆದುಬಿಡುತ್ತದೆ. ಕೊಳವೆ ತಿರುಚಿ ಹಾಳಾಗುತ್ತದೆ. ಹಾಗಾಗಿ ಬಲ್ಲವರು ಬಿಟ್ಟಿನ ಅಂಚನ್ನು ಬೇಕಂತಲೇ ಸ್ವಲ್ಪ ಮೊಂಡು ಮಾಡಿಕೊಂಡು ನಿಧಾನ ಕೊರೆಯುತ್ತಾರೆ. ಮೇಲ್ಭಾಗಕ್ಕೆ ಮರವೋ ಇನ್ನೊಂದು ಕೊಳವೆಯೋ ಬರುತ್ತದೆ.

ತುದಿಯಲ್ಲಿ ಕಾಣುವ ತಾಮ್ರದ ‘ಗುಂಡು’ ಹಾರಿಸಿದ್ದಲ್ಲ. ಹಾರಿಸಿದ ಗುಂಡು ತಗುಲಿದ ಕಡೆ ಚಪ್ಪಟೆಯಾಗಿರುತ್ತದೆ, ಅದರಲ್ಲಿ ಪೆನ್ನು ಮಾಡೋಕಾಗಲ್ಲ. ಹೊಸ ಗುಂಡನ್ನೋ ಅದೇ ಆಕಾರದ ಲೋಹದ ತುದಿಯನ್ನೋ ತಂದು ನಡುವೆ ತೂತು ಕೊರೆದಿರುತ್ತಾರೆ. ಬಹಳಷ್ಟು ಗುಂಡುಗಳ ಹೊಟ್ಟೆಯಲ್ಲಿ ಸೀಸ ಇರುವುದರಿಂದ ಆ ಪುಡಿ ಉಸಿರಿಗೆ ಹೋಗಬಾರದು. ಇದು ಮಾಡುವವರ ತಲೆನೋವು. ನೀವು ಮಾತ್ರ ಪೆನ್ನಿನ ತುದಿ ಕಚ್ಚುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಕೊಡಗಿನ ಕಡೆಯ ಓದುಗರು ಕೋವಿಯ ತೋಟೆಯಿಂದ ಮಾಡಬಹುದಾ ಎಂದು ಕೇಳುತ್ತಾರೆ. 12 ಬೋರ್ ತೋಟೆ ಹೆಬ್ಬೆರಳಿನಷ್ಟು ದಪ್ಪ, ಮೈ ಪ್ಲಾಸ್ಟಿಕ್ಕು. ಸರಿಹೋಗಲ್ಲ. ಎನ್‌ಸಿಸಿಯಲ್ಲಿ ಹಾರಿಸುವ .22 ತೀರಾ ಸಣ್ಣದು. ಅದೂ ಅಲ್ಲದೆ ಫೈರಿಂಗ್ ಮುಗಿದ ಮೇಲೆ ಖಾಲಿ ಕೊಳವೆಗಳನ್ನು ಆಯ್ದು ಲೆಕ್ಕ ಒಪ್ಪಿಸಬೇಕು, ಎನ್‌ಸಿಸಿ ಮಾಡಿದವರಿಗೆ ಗೊತ್ತೇ ಇದೆ ಅಲ್ವಾ! ಹಾರಿಸದ ಕಾಡತೂಸಿಗಂತೂ ಯಾರೂ ಡ್ರಿಲ್ ಹಚ್ಚಬೇಡಿ. ನೀರಲ್ಲಿ ನೆನೆಸಿದರೂ ಪ್ರೈಮರ್ ಸತ್ತಿದೆ ಎಂದು ನಂಬೋಕಾಗಲ್ಲ.

ಈ ಹುಚ್ಚು ಇವತ್ತಿನದಲ್ಲ. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿ ಹೆಸರಲ್ಲಿ ಸೈನಿಕರಿಗೆ ಹಂಚಿದ ಹಿತ್ತಾಳೆ ಡಬ್ಬಿಗಳ ಪೈಕಿ ಕೆಲವದರಲ್ಲಿ .303 ಕೊಳವೆಯೊಳಗೆ ಕೂರಿಸಿದ ಪೆನ್ಸಿಲ್ ಇತ್ತು. ಡಬ್ಬಿ ಪಡೆದವರಲ್ಲಿ ಭಾರತದ ಸೈನಿಕರೂ ಇದ್ದರು. 2016ರ ಸೆಪ್ಟೆಂಬರ್ 26ರಂದು ಕೊಲಂಬಿಯಾದ ಅಧ್ಯಕ್ಷ ಸ್ಯಾಂಟೋಸ್ ಮತ್ತು ಫಾರ್ಕ್ ಬಂಡುಕೋರರ ನಾಯಕ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು ಕಾಡತೂಸಿನ ಪೆನ್ನಿನಿಂದಲೇ. ‘ನಮ್ಮ ನಿನ್ನೆಯನ್ನು ಬರೆದದ್ದು ಗುಂಡು, ನಾಳೆಯನ್ನು ಬರೆಯುವುದು ಶಿಕ್ಷಣ’ ಎಂಬರ್ಥದ ಸಾಲು ಅದರ ಮೇಲಿತ್ತು. ಒಂದು ವಾರದೊಳಗೆ ಅಲ್ಲಿನ ಜನ ಮತ ಹಾಕಿ, ಕೂದಲೆಳೆ ಅಂತರದಲ್ಲಿ ಆ ಒಪ್ಪಂದವನ್ನು ತಿರಸ್ಕರಿಸಿದರು. ಕೊನೆಗೆ ತಿದ್ದಿದ ಒಪ್ಪಂದಕ್ಕೆ ನವೆಂಬರ್‌ನಲ್ಲಿ ಮತ್ತೆ ಸಹಿ ಹಾಕಬೇಕಾಯಿತು.

ಈಗ ಎಚ್ಚರಿಕೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಮದ್ದುಗುಂಡು ಎಂದೇ ಎಣಿಸುತ್ತದೆ. ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಮೇಜಿನ ಮೇಲಿನ ಪೆನ್ನಿಗೆ ಇದು ಸಾಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಎಕ್ಸ್-ರೇ ತೆರೆಯಲ್ಲಿ ಅದು ಕಾಡತೂಸಿನ ಹಾಗೇ ಕಾಣುತ್ತದೆ. ವಿಮಾನ ನಿಲ್ದಾಣದಲ್ಲಿ ಸೆಕ್ಷನ್ ವಿವರಿಸುತ್ತಾ ನಿಂತರೆ ವಿಮಾನ ಹೊರಟುಹೋಗುತ್ತದೆ. ಅಲ್ಲಿಗೆ, ಕೋರ್ಟಿಗೆ, ಮೆಟ್ರೋಗೆ ಒಯ್ಯಬೇಡಿ.

ಮೇಲಿನ ಲ್ಯಾಕರ್ ಲೇಪ ಹೋದರೆ ಬೆವರಿಗೆ ಪೆನ್ನು ಕಂದುತ್ತದೆ. 70 ಭಾಗ ತಾಮ್ರ, 30 ಭಾಗ ಸತು ಇರುವ ಹಿತ್ತಾಳೆ ಅದು, ಹುಣಸೆಹಣ್ಣಿಗೆ ಹೊಳೆಯುತ್ತದೆ. ಲೇಪ ಇರುವವರೆಗೆ ಒಣ ಬಟ್ಟೆ ಸಾಕು. ರೀಫಿಲ್ ಸಾಮಾನ್ಯವಾಗಿ ಕ್ರಾಸ್ ಅಥವಾ ಪಾರ್ಕರ್ ಮಾದರಿಯದ್ದು. ಮುಗಿದಾಗ ಹಳೆಯದನ್ನು ತೆಗೆದು ಅಂಗಡಿಗೆ ಒಯ್ದು ಅಳತೆ ನೋಡಿ ಕೊಳ್ಳಿ.