ನಿದ್ದೆ ಇಂಜೆಕ್ಷನ್ ಕೊಟ್ಟ ಮೇಲೂ ನೋವಾಗುತ್ತಾ?

ಸಂಜೆ ಐದಕ್ಕೆ ಐಸಿಯು ಬಾಗಿಲು ತೆಗೆಯುತ್ತೇವೆ. ಚಪ್ಪಲಿ ಹೊರಗೆ ಬಿಟ್ಟು, ಮಾಸ್ಕ್ ಹಾಕಿಕೊಂಡು, ಮನೆಯವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ವೆಂಟಿಲೇಟರ್ ಹಾಕಿದವರನ್ನು ನೋಡಿದ ತಕ್ಷಣ ಕೇಳುವುದು, ಉಳ್ಕೋತಾರಾ ಅಂತ. ವಾಪಸ್ ಹೋಗುವಾಗ ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: "ಡಾಕ್ಟ್ರೇ, ಅಪ್ಪಂಗೆ ನೋವಾಗ್ತಿದೆಯಾ?"

"ಇಲ್ಲಮ್ಮ, ನಿದ್ದೆ ಇಂಜೆಕ್ಷನ್ ಕೊಟ್ಟಿದ್ದೀವಿ, ಏನೂ ಗೊತ್ತಾಗಲ್ಲ." ಎಷ್ಟೋ ವರ್ಷ ನಾನೂ ಹೀಗೇ ಹೇಳಿ ಕಳಿಸುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಬಾಯಿ ಬರುವುದಿಲ್ಲ.

ಯಾಕೆಂದರೆ ನಿದ್ದೆಯ ಔಷಧಿ ಬೇರೆ, ನೋವಿನ ಔಷಧಿ ಬೇರೆ. ಸಿರಿಂಜ್ ಪಂಪಿನಲ್ಲಿ ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅದು ಪ್ರೊಪೊಫಾಲ್. ಇನ್ನೊಂದು ಮಿಡಜೋಲಾಂ. ಎರಡೂ ಮಂಪರು ತರಿಸುತ್ತವೆ, ಆದರೆ ಇವು ನೋವಿನ ಔಷಧಿಯಲ್ಲ. ನೋವಿಗೆ ಫೆಂಟನಿಲ್, ಮಾರ್ಫಿನ್ ತರಹದ್ದು ಬೇಕು. ಮೊದಲು ನೋವು ಇಳಿಸಿ, ಆಮೇಲೆ ಬೇಕಾದಷ್ಟೇ ನಿದ್ದೆ ಕೊಡಿ ಅನ್ನುವುದು ಈಗಿನ ಪದ್ಧತಿ. ಕೆಲವರಿಗೆ ಮೂರನೆಯದೊಂದು ಕೊಡಬೇಕಾಗುತ್ತದೆ: ವೆಕುರೋನಿಯಂ ಅಥವಾ ಅಟ್ರಾಕುರಿಯಂ. ಅದು ಮೈಯ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ರೆಪ್ಪೆ ಕೂಡ ಅಲುಗುವುದಿಲ್ಲ. ಆದರೆ ಅದರಿಂದ ನಿದ್ದೆಯೂ ಬರಲ್ಲ, ನೋವೂ ಹೋಗಲ್ಲ. ನೋಡುವವರಿಗೆ ಮಾತ್ರ ರೋಗಿ ನೆಮ್ಮದಿಯಾಗಿ ಮಲಗಿದ ಹಾಗೆ ಕಾಣುತ್ತದೆ. ನನಗೆ ಭಯವಾಗುವುದು ಆ ನೆಮ್ಮದಿ ಕಂಡರೆ.

ಸ್ನಾಯು ಸಡಿಲಿಸದೇ ಇದ್ದವರಲ್ಲಿ ಮೈ ಏನಾದರೂ ಹೇಳುತ್ತದೆ. ಸಿಸ್ಟರ್ ಕಫ ಹೀರೋಕೆ ಗಂಟಲ ಟ್ಯೂಬಿನೊಳಗೆ ಸಕ್ಷನ್ ಹಾಕುವಾಗ ಹುಬ್ಬು ಗಂಟಿಕ್ಕುತ್ತದೆ, ಕೈ ಬಿಗಿಯಾಗುತ್ತದೆ, ವೆಂಟಿಲೇಟರ್ ಜೊತೆ ಉಸಿರು ಗುದ್ದಾಡುತ್ತದೆ. ಇವಕ್ಕೆ ಅಂಕ ಹಾಕುತ್ತೇವೆ. ಮುಖ, ಕೈಕಾಲು, ಬಿಗಿತ, ವೆಂಟಿಲೇಟರ್, ಒಂದೊಂದಕ್ಕೆ ಎರಡರವರೆಗೆ, ಒಟ್ಟು 8. ಮೂರು ಮುಟ್ಟಿದರೆ ಸುಮ್ನೆ ಕೂರುವುದಿಲ್ಲ, ಔಷಧಿ ಏರಿಸುತ್ತೇವೆ. ಹುಬ್ಬು ಗಂಟಾದದ್ದೆಲ್ಲ ಸಂಕಟ ಅಂತಲೂ ಅಲ್ಲ. ಪೂರಾ ಪ್ರಜ್ಞೆ ಇಲ್ಲದಿದ್ದರೂ ಮೈ ತಾನಾಗಿ ಹಾಗೆ ಮಾಡುತ್ತದೆ. ಯಾವುದು ಯಾವುದು ಅಂತ ಬೇರೆ ಮಾಡುವ ಮೀಟರ್ ಯಾವ ಆಸ್ಪತ್ರೆಯಲ್ಲೂ ಇಲ್ಲ.

"ಎದ್ದ ಮೇಲೆ ಏನೂ ನೆನಪಿರಲ್ಲ, ಬಿಡಿ" ಅನ್ನುವ ಮಾತೂ ಇದೆ. 1977ರಲ್ಲಿ ಟನ್‌ಸ್ಟಾಲ್ ಅನ್ನುವ ಅರಿವಳಿಕೆ ವೈದ್ಯರು ಒಂದು ಉಪಾಯ ಬರೆದರು. ಸ್ನಾಯು ಸಡಿಲಿಸುವ ಔಷಧಿ ಕೊಡುವ ಮುಂಚೆ ಒಂದು ತೋಳಿಗೆ ಬಿಪಿ ಪಟ್ಟಿ ಬಿಗಿಯುವುದು. ಔಷಧಿ ಆ ಕೈಗೆ ಇಳಿಯುವುದಿಲ್ಲ. ಆಪರೇಷನ್ ನಡೆಯುತ್ತಿರುವಾಗಲೇ, "ನನ್ನ ಮಾತು ಕೇಳಿಸಿದರೆ ಕೈ ಹಿಸುಕಿ" ಅನ್ನುವುದು. ಕೆಲವರು ಹಿಸುಕಿದರು! ಹಾಗೆ ಹಿಸುಕಿದವರಲ್ಲಿ ಹೆಚ್ಚಿನವರಿಗೆ ಎದ್ದ ಮೇಲೆ ಅದು ನೆನಪೇ ಇರುವುದಿಲ್ಲ. ಮಿಡಜೋಲಾಂ ಅಂತೂ ನೆನಪೇ ಉಳಿಯದ ಹಾಗೆ ಮಾಡುವ ಔಷಧಿ. ನೆನಪಿಲ್ಲ ಅಂದ ಮಾತ್ರಕ್ಕೆ ಆಗಿಲ್ಲ ಅನ್ನೋಕಾಗುತ್ತಾ?

ನೆನಪು ಉಳಿದರೂ ಸರಿಯಾಗಿ ಉಳಿಯುವುದಿಲ್ಲ. ಯಶವಂತಪುರದ ಕಡೆಯ ಒಬ್ಬ ಹಣ್ಣಿನ ವ್ಯಾಪಾರಿ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ) ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದರು. ವಾರ್ಡಿಗೆ ಹೋದ ಮೇಲೆ ಹೇಳಿದರು: "ಬಿಎಂಟಿಸಿ ಬಸ್ಸಲ್ಲಿ ಸೀಟಿಗೆ ಕಟ್ಟಿಹಾಕಿದ್ರು ಸಾರ್. ಕಂಡಕ್ಟ್ರು ವಿಸಿಲ್ ಊದ್ತಾನೇ ಇದ್ದ, ಬಸ್ ನಿಲ್ಲಿಸ್ತಾನೇ ಇರ್ಲಿಲ್ಲ." ಟ್ಯೂಬ್ ಕಿತ್ತುಕೊಳ್ಳದಿರಲಿ ಅಂತ ಅವರ ಕೈ ಕಟ್ಟಿದ್ದೆವು. ವಿಸಿಲ್, ನಮ್ಮ ಪಂಪಿನ ಅಲಾರಂ. ನೋವು ಆಗಿತ್ತಾ ಅಂದರೆ ಇಲ್ಲ ಅಂದರು. ಆದರೆ ಮೂರು ತಿಂಗಳು ಬಸ್ ಹತ್ತಲಿಲ್ಲ. ನೋವು ಬೇರೆ, ಸಂಕಟ ಬೇರೆ ಅಂತ ನಾನು ಕಲಿತದ್ದು ಅವರಿಂದ.

ಹಾಗಂತ ಎಲ್ಲರನ್ನೂ ಇನ್ನೂ ಗಾಢ ನಿದ್ದೆಗೆ ತಳ್ಳಿಬಿಡಿ ಅನ್ನೋಕಾಗಲ್ಲ. ನಿದ್ದೆ ಜಾಸ್ತಿ ಆದಷ್ಟೂ ವೆಂಟಿಲೇಟರ್ ಬಿಡಿಸುವುದು ತಡವಾಗುತ್ತದೆ.

ಮನೆಯವರು ಕೇಳಬೇಕಾದ್ದು ಇಷ್ಟು: "ನಿದ್ದೆಗೆ ಏನು ಕೊಡ್ತಿದ್ದೀರಿ, ನೋವಿಗೆ ಏನು ಕೊಡ್ತಿದ್ದೀರಿ?" ಎರಡನೆಯದಕ್ಕೆ ಉತ್ತರ ತಡವರಿಸಿದರೆ ಇನ್ನೊಮ್ಮೆ ಕೇಳಿ. ಬೇಜಾರು ಮಾಡಿಕೊಳ್ಳುವ ಡಾಕ್ಟರ್ ಮಾಡಿಕೊಳ್ಳಲಿ. ನಿಮಗೆ ಗೊತ್ತಿರುವುದನ್ನೂ ಹೇಳಿ. ಹೋದ ತಿಂಗಳು ಒಬ್ಬ ಮಗಳು ಹಾಸಿಗೆ ಪಕ್ಕ ನಿಂತು ಅಪ್ಪನ ಕಾಲನ್ನೇ ನೋಡುತ್ತಿದ್ದಳು. "ಬಲ ಮಂಡಿ ಹಂಗೆ ಚಾಚಿದ್ರೆ ಅವ್ರಿಗೆ ಆಗಲ್ಲ ಡಾಕ್ಟ್ರೇ, ಮನೇಲಿ ಕೆಳಗೆ ದಿಂಬಿಟ್ಕೊಂಡೇ ಮಲಗೋದು." ನಮ್ಮ ಯಾವ ಚಾರ್ಟಿನಲ್ಲೂ ಅದು ಇರಲಿಲ್ಲ. ಸಿಸ್ಟರ್ ದಿಂಬು ತಂದಿಟ್ಟರು. 112 ಇದ್ದ ನಾಡಿ ಅರ್ಧ ಗಂಟೆಯಲ್ಲಿ 94ಕ್ಕೆ ಬಂತು. ದಿಂಬಿನಿಂದಲೇ ಬಂತಾ? ಫೆಂಟನಿಲ್ಲನ್ನೂ ಆಗಲೇ ಸ್ವಲ್ಪ ಏರಿಸಿದ್ದೆವು, ಹೇಳೋದು ಕಷ್ಟ. ದಿಂಬನ್ನಂತೂ ಯಾರೂ ತೆಗೆಯಲಿಲ್ಲ.