ಬೆಳಗಿನ 6:30ರ ಶಿಫ್ಟ್ ಮತ್ತು ನನ್ನ ನಿದ್ದೆ: ಅರ್ಥವಾದಷ್ಟು ಬರೆದಿಟ್ಟದ್ದು

ಏಪ್ರಿಲ್ ಕೊನೆಯಲ್ಲಿ ನನ್ನನ್ನು ಇಂಗ್ಲೆಂಡ್ ಟೀಮ್‌ನಿಂದ ಆಸ್ಟ್ರೇಲಿಯಾ ಟೀಮ್‌ಗೆ ಹಾಕಿದರು. ಮೊದಲು ಮಧ್ಯಾಹ್ನ 1:30ಕ್ಕೆ ಲಾಗಿನ್. ಈಗ ಬೆಳಗ್ಗೆ 6:30ಕ್ಕೆ, ಸಿಡ್ನಿಯಲ್ಲಿ ಆಗ 11 ಗಂಟೆ. ಕ್ಯಾಬ್ 5:30ಕ್ಕೇ ಗೇಟ್ ಹತ್ತಿರ ನಿಂತಿರುತ್ತದೆ. ರಾತ್ರಿ 1:30ಕ್ಕೆ ಮಲಗಿ 9:30ಕ್ಕೆ ಏಳುತ್ತಿದ್ದವನು 4:45ಕ್ಕೆ ಏಳಬೇಕು. ಮೊದಲ ವಾರ ಪಡಬಾರದ ಪಾಡು ಪಟ್ಟೆ. ಎರಡನೇ ವಾರ ಓದಲು ಕೂತೆ. ತಲೆಯಲ್ಲಿ ಬಿಸಿ ಇರುವಾಗಲೇ ಬರೆಯುತ್ತಿದ್ದೇನೆ.

ನಿದ್ದೆಗೆ ಎರಡು ಲೆಕ್ಕ

ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಕೊಟ್ಟ ವಿವರಣೆ ಇದು. ಒಂದು, ನಿದ್ದೆಯ ಒತ್ತಡ. ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ, ನಿದ್ದೆ ಮಾಡಿದಾಗ ಇಳಿಯುತ್ತದೆ. ಎರಡು, ದೇಹದ ಗಡಿಯಾರ. ಮೆದುಳಿನ ಹೈಪೋಥಲಮಸ್ ಅನ್ನುವ ಭಾಗದಲ್ಲಿರುವ ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ನಾವು ಎಷ್ಟು ಸುಸ್ತಾಗಿದ್ದೇವೆ ಅಂತ ಅದು ಕೇಳುವುದಿಲ್ಲ.

ನಾನು ತಪ್ಪಿದ್ದು ಇಲ್ಲೇ. ಸುಸ್ತಾಗಿದ್ದೇನೆ, ಬೇಗ ಮಲಗಿದರೆ ಆಯ್ತು ಅಂದುಕೊಂಡೆ. ರಾತ್ರಿ 9ಕ್ಕೆ ಲೈಟ್ ಆರಿಸಿ ಮಲಗಿದೆ. ಪಕ್ಕದ ಮನೆಯ ಕುಕ್ಕರ್ ನಾಲ್ಕು ವಿಷಲ್ ಹಾಕಿತು. ಮೇಲಿನ ಮನೆಯವರು ಮಂಚ ಎಳೆದರು. 12:30ಕ್ಕೂ ಕಣ್ಣು ಬಿಟ್ಟುಕೊಂಡೇ ಇದ್ದೆ. ದಿನಾ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆಯಲ್ಲಿ ದೇಹದ ಗಡಿಯಾರ ನಮ್ಮನ್ನು ತುಂಬಾ ಎಚ್ಚರವಾಗಿ ಇಟ್ಟಿರುತ್ತದಂತೆ. ನಾನು ನಿದ್ದೆಗೆ ಕಾಯುತ್ತಿದ್ದದ್ದು ಸರಿಯಾಗಿ ಆ ಹೊತ್ತಿನಲ್ಲಿ.

ಕಾಫಿ ಬಗ್ಗೆ ಎರಡೇ ಮಾತು. ಕೆಫೀನ್ ಅಡೆನೊಸಿನ್‌ನ ಜಾಗದಲ್ಲಿ ಹೋಗಿ ಕೂರುತ್ತದೆ, ಹಾಗಾಗಿ ಒತ್ತಡ ಇದ್ದರೂ ನಿದ್ದೆ ಬಂದಂತೆ ಅನಿಸುವುದಿಲ್ಲ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 4ಕ್ಕೆ ಒಂದು ಫಿಲ್ಟರ್ ಕಾಫಿ ಕುಡಿದರೆ ರಾತ್ರಿ 9ಕ್ಕೆ ಒಂದು ಬೈ-ಟು ಇನ್ನೂ ಒಳಗಿರುತ್ತದೆ. ಹೀಗೆ ಯೋಚಿಸಿದ ಮೇಲೆ ಮಧ್ಯಾಹ್ನ 12ರ ನಂತರ ಬಿಟ್ಟೆ.

‘ಮುಂದಕ್ಕೆ’ ಅನ್ನುವ ಪದದ ಕಾಟ

ಗಡಿಯಾರವನ್ನು ಸರಿಸುವುದು ಬೆಳಕು. ಆದರೆ ಯಾವ ಕಡೆಗೆ? ಓದಿದಲ್ಲೆಲ್ಲ ಬೆಳಗಿನ ಬೆಳಕು ಗಡಿಯಾರವನ್ನು ‘ಮುಂದಕ್ಕೆ’ ತಳ್ಳುತ್ತದೆ ಅಂತಿತ್ತು. ನಮ್ಮಲ್ಲಿ ಮದುವೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಅಂತ. ಗೋಡೆ ಗಡಿಯಾರ 10 ನಿಮಿಷ ಮುಂದಿದೆ ಅಂದರೆ ಬೇಗ ಓಡುತ್ತಿದೆ ಅಂತ. ಒಂದೇ ಪದ, ಎರಡು ದಿಕ್ಕು! ಎರಡು ದಿನ ಇದರಲ್ಲೇ ಹೋಯಿತು. ಕೊನೆಗೆ ಆ ಪದವನ್ನೇ ಬಿಟ್ಟು ನೋಟ್‌ಬುಕ್ಕಿನಲ್ಲಿ ‘ಬೇಗದ ಕಡೆ’, ‘ತಡದ ಕಡೆ’ ಅಂತ ಬರೆದುಕೊಂಡೆ. ನೀವೂ ಹಾಗೇ ಮಾಡಿ.

ಈಗ ಮುಖ್ಯ ವಿಷಯ. ರಾತ್ರಿ ನಮ್ಮ ಮೈ ಬಿಸಿ ನಿಧಾನಕ್ಕೆ ಇಳಿಯುತ್ತದೆ. ತಾನಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ಅದು ಎಲ್ಲಕ್ಕಿಂತ ಕಡಿಮೆ ಇರುತ್ತದೆ. ನಾನು ಅದಕ್ಕೆ ‘ತಳ’ ಅಂತ ಹೆಸರಿಟ್ಟೆ. ತಳಕ್ಕಿಂತ ಮೊದಲು ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ತಡದ ಕಡೆ ಎಳೆಯುತ್ತದೆ. ತಳ ದಾಟಿದ ಮೇಲೆ ಬಿದ್ದದ್ದು ಬೇಗದ ಕಡೆ. ಬೆಳಕು ಒಂದೇ, ಹೊತ್ತು ಬೇರೆ.

ನನ್ನ ಲೆಕ್ಕ: 9:30ರಿಂದ ಎರಡೂವರೆ ಗಂಟೆ ಹಿಂದೆ, ಅಂದರೆ ತಳ ಬೆಳಗ್ಗೆ 7ಕ್ಕೆ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6ರ ಆಸುಪಾಸು. ನಾನು ಕ್ಯಾಬ್‌ನ ಮುಂದಿನ ಸೀಟಿನಲ್ಲಿ ಕೂತು ಬೇಕಂತಲೇ ಸೂರ್ಯನ ಕಡೆ ಮುಖ ಮಾಡುತ್ತಿದ್ದೆ, ‘ಬೆಳಗಿನ ಬೆಳಕು ಒಳ್ಳೆಯದು’ ಅಂತ. 6:10ರ ಬೆಳಕು ನನ್ನ ದೇಹಕ್ಕೆ ಬೆಳಗಿನದಲ್ಲ, ಇನ್ನೂ ರಾತ್ರಿಯದು. ಒಂದು ವಾರ ದಿನಾ ನಾನೇ ಗಡಿಯಾರವನ್ನು ತಡದ ಕಡೆ ದೂಡಿದ್ದೇನೆ. ಇದು ಗೊತ್ತಾದಾಗ ಸುಮ್ನೆ ನಗು ಬಂತು.

ಆಮೇಲೆ ಮಾಡಿದ್ದು ಇಷ್ಟು. ಕ್ಯಾಬ್‌ನಲ್ಲಿ ಕಪ್ಪು ಕೂಲಿಂಗ್ ಗ್ಲಾಸ್. ಡ್ರೈವರ್ ಮೊದಲ ದಿನವೇ ‘ಮದ್ರಾಸ್ ಐ ಆಗಿದ್ಯಾ ಸಾರ್?’ ಅಂತ ಕೇಳಿ ಕಿಟಕಿ ಇಳಿಸಿದ. ನನ್ನ ಅಂದಾಜು ತಪ್ಪಿದ್ದರೆ ಇರಲಿ ಅಂತ ತಳದ ಮೇಲೆ ಒಂದು ಗಂಟೆ ಬಿಟ್ಟು, 8ಕ್ಕೆ ಟೀ ಬ್ರೇಕ್‌ನಲ್ಲಿ ಟೆರೇಸ್‌ಗೆ ಹೋಗಿ ಅರ್ಧ ಗಂಟೆ ನಿಂತೆ. ಮೋಡ ಇದ್ದರೂ ಪರವಾಗಿಲ್ಲ. ಟ್ಯೂಬ್‌ಲೈಟ್ ಕೊಡುವುದು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ), ಮೋಡದ ಆಕಾಶ ಸಾವಿರಗಟ್ಟಲೆ. ದಿನಕ್ಕೆ ಅರ್ಧ ಗಂಟೆ ಸರಿಯಿತು ಅಂತ ಹಿಡಿದರೆ ತಳ 7, 6:30, 6, 5:30, 5. ಐದನೇ ದಿನ ಆ ಒಂದು ಗಂಟೆ ಬಿಟ್ಟರೂ 6 ಗಂಟೆ, ಅಂದರೆ ಸೂರ್ಯ ಹುಟ್ಟುವ ಹೊತ್ತು. ಆವತ್ತಿನಿಂದ ಗ್ಲಾಸ್ ತೆಗೆದೆ. ಅದೇ ಬೆಳಕು ಈಗ ಬೇಗದ ಕಡೆ ಕೆಲಸ ಮಾಡುತ್ತದೆ. 4:45ಕ್ಕೆ ಏಳುವವನ ತಳ 2:15ಕ್ಕೆ ಬರಬೇಕು, ಅಲ್ಲಿಗೆ ತಲುಪಲು ಒಟ್ಟು 9-10 ದಿನ.

ಬೇಗದ ಕಡೆ ಹೋಗುವುದು ಯಾಕೆ ಇಷ್ಟು ಕಷ್ಟ ಅಂದರೆ, ನಮ್ಮ ಒಳಗಿನ ದಿನ ಸರಾಸರಿ 24 ಗಂಟೆಗಿಂತ ಸ್ವಲ್ಪ ಜಾಸ್ತಿ, ಸುಮಾರು 24.2. ಹಾಗೇ ಬಿಟ್ಟರೆ ಅದು ತಡದ ಕಡೆಗೇ ಜಾರುತ್ತದೆ.

ಉಳಿದದ್ದು

ರಾತ್ರಿ 8ರ ಮೇಲೆ ಹಾಲ್‌ನಲ್ಲಿ ಒಂದೇ ಸಣ್ಣ ಬಲ್ಬ್, ಫೋನ್ ದೂರ. ಇದು ಎಲ್ಲರಿಗೂ ಗೊತ್ತಿರುವುದೇ. ಮಲಗುವ ಹೊತ್ತನ್ನೂ ದಿನಕ್ಕೆ ಅರ್ಧ ಗಂಟೆಯಷ್ಟೇ ಬೇಗದ ಕಡೆ ತಂದೆ, ಒಂದೇ ಸಲ 9ಕ್ಕೆ ಅಲ್ಲ. ಭಾನುವಾರ 6ಕ್ಕೇ ಏಳುತ್ತೇನೆ. ಬೇಕಾದರೆ ಮಧ್ಯಾಹ್ನ 20 ನಿಮಿಷ ಮಲಗುತ್ತೇನೆ.

ಅಕ್ಟೋಬರ್ ಮೊದಲ ಭಾನುವಾರ ಸಿಡ್ನಿಯವರು ಗಡಿಯಾರವನ್ನು ಒಂದು ಗಂಟೆ ಜಾಸ್ತಿ ತೋರಿಸುವಂತೆ ತಿರುಗಿಸುತ್ತಾರೆ. ಅವರ 11 ಗಂಟೆ ಆಗ ನಮಗೆ 5:30. ನಮ್ಮ ಲಾಗಿನ್ 5:30ಕ್ಕೆ, ಕ್ಯಾಬ್ 4:30ಕ್ಕೆ. ಆ ಹೊತ್ತಿಗೆ ದಾರಿಯಲ್ಲಿ ಬೆಳಕೇ ಇರುವುದಿಲ್ಲ. ಸೆಪ್ಟೆಂಬರ್ ಮಧ್ಯದಿಂದಲೇ ಮಲಗುವ, ಏಳುವ ಹೊತ್ತನ್ನು ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಬೇಗದ ಕಡೆ ಸರಿಸಬೇಕು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.