ಇಲ್ಲಿ ಮರ ಬೇಡ ಸಾರ್

ಮೇ ಕೊನೆ ಬಂತು ಅಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಜೂನ್ 5ಕ್ಕೆ ಪರಿಸರ ದಿನ, ಗಿಡ ನೆಡಲು ಜಾಗ ಬೇಕು, ಬ್ಯಾನರ್ ಹಿಡಿದು ಫೋಟೊ ಬೇಕು. ಒಂದೆರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿಯವರು ಹೆಸರಘಟ್ಟದ ಕಡೆ ಜಾಗ ನೋಡಿದ್ದರು. ಸಾವಿರ ಸಸಿ, ನೂರು ಜನ, ಎರಡು ಬಸ್ಸು, ಎಲ್ಲ ರೆಡಿ. "ಖಾಲಿ ಜಾಗ ಸಾರ್, ಬರೀ ಹುಲ್ಲು. ನೀವು ಬಂದು ಸಸಿಗಳ ಪಟ್ಟಿ ಒಂದು ಸಲ ನೋಡಿಬಿಡಿ ಸಾಕು" ಅಂದರು. ಗಿಡ, ಹಕ್ಕಿ, ಹುಳ ಎಣಿಸುವುದೇ ನನ್ನ ಕಸುಬು, ಹೋದೆ.

ಗುಂಡಿ ತೋಡಲು ಆಗಲೇ ಸುಣ್ಣದಲ್ಲಿ ಗುರುತು ಹಾಕಿದ್ದರು. ನಾಲ್ಕು ಹೆಜ್ಜೆ ಇಡುವುದರೊಳಗೆ ಎರಡು ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚಲು ಶುರು ಮಾಡಿದವು. ಹೀಗೆ ಕಿರುಚಿದರೆ ಹತ್ತಿರದಲ್ಲೇ ಏನೋ ಇದೆ ಅಂತ ಅರ್ಥ. ಅಲ್ಲೇ ನಿಂತು ನೆಲ ಹುಡುಕಿದೆ. ಗೂಡು ಅನ್ನುವಂಥದ್ದೇನೂ ಇಲ್ಲ, ಅಂಗೈಯಷ್ಟು ತಗ್ಗು, ಸುತ್ತ ಒಂದಿಷ್ಟು ಕಲ್ಲುಚೂರು, ನಡುವೆ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿಯೆಲ್ಲ ಒಳಮುಖ. ಜೊತೆಗೆ ಬಂದಿದ್ದ ಮ್ಯಾನೇಜರ್ "ಎಲ್ಲಿ ಸಾರ್, ಬರೀ ಕಲ್ಲು ಕಾಣ್ತಿದೆ" ಅಂದರು. ಬೆರಳು ತೋರಿಸಿದ ಮೇಲೂ ಅರ್ಧ ನಿಮಿಷ ಬೇಕಾಯಿತು. ಒಂದು ಸುಣ್ಣದ ಗುರುತು ಅಲ್ಲಿಂದ ಒಂದೇ ಮೊಳ.

ಈ ಹಕ್ಕಿಗೆ ಬಯಲೇ ಬೇಕು. ದೂರದಿಂದ ನಾಯಿ ಬರುವುದು ಕಾಣಬೇಕು, ಪಕ್ಕದಲ್ಲಿ ಕಾಗೆ ಕೂರುವ ಮರ ಇರಬಾರದು. ಚಳಿಗಾಲಕ್ಕೆ ಮಧ್ಯ ಏಷ್ಯಾ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳೂ ರಾತ್ರಿ ಕಳೆಯುವುದು ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ, ನೆಲದ ಮೇಲೆ. ಇಂಥ ಜಾಗಕ್ಕೆ ನಾವು ಖಾಲಿ ಅಂತೀವಿ. ಪಹಣಿಯಲ್ಲಿ ಇದು ಎಷ್ಟೋ ಕಡೆ 'ಖರಾಬು'. ಹಳ್ಳಿಯವರು ಮಾತ್ರ ಗೋಮಾಳ ಅಂತ ಬಾಯ್ತುಂಬ ಹೆಸರಿಟ್ಟಿದ್ದರು, ಹುಲ್ಲಿನ ಬೆಲೆ ಅವರಿಗೆ ಗೊತ್ತಿತ್ತು.

ಬಯೋಮ್ ಅಂತ ಒಂದು ಮಾತಿದೆ. ಒಂದೇ ಥರದ ಮಳೆ, ಬಿಸಿಲು, ಚಳಿ ಇರುವ ಕಡೆ ಬೆಳೆಯುವ ಗಿಡಮರಗಳ ಒಟ್ಟು ರೂಪ ಒಂದೇ ಥರ ಇರುತ್ತದೆ. ಮಳೆಕಾಡು, ಮರುಭೂಮಿ, ಹುಲ್ಲುಗಾವಲು ಹೀಗೆ. ಪ್ರಪಂಚ ಸುತ್ತಬೇಕಿಲ್ಲ, ಕರ್ನಾಟಕದ ಬಸ್ಸು ಹತ್ತಿದರೆ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ, ಅಲ್ಲಿ ನಿತ್ಯ ಹಸಿರಿನ ಕಾಡು. ಮೋಡಗಳು ಘಟ್ಟದ ಆ ಮಗ್ಗುಲಲ್ಲೇ ಸುರಿದು ಖಾಲಿಯಾಗುತ್ತವೆ, ಹಾಗಾಗಿ ಚಳ್ಳಕೆರೆ ತಲುಪುವ ಹೊತ್ತಿಗೆ 500ರ ಆಸುಪಾಸು, ಅಲ್ಲಿ ಹುಲ್ಲು, ಜಾಲಿ, ಕುರಿ. ಬೆಂಗಳೂರಿನದು ನಡುವಿನ ಲೆಕ್ಕ, 1000ದ ಹತ್ತಿರ, ಅದೂ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹನಿ ಬಿದ್ದರೆ ಪುಣ್ಯ. ಅದಕ್ಕೇ ಇಲ್ಲಿಯ ಮುತ್ತುಗ, ಬೂರುಗ ಎಲೆ ಉದುರಿಸಿ ಕೂರುತ್ತವೆ. ಬನ್ನೇರುಘಟ್ಟದಲ್ಲಿ ಎಲೆ ಉದುರಿಸುವ ಕಾಡು, ಹೆಸರಘಟ್ಟದಲ್ಲಿ ಹುಲ್ಲು. ಮಳೆ ಹೆಚ್ಚುಕಮ್ಮಿ ಒಂದೇ, ಆದರೆ ಮಣ್ಣು ಎಷ್ಟು ಆಳ, ದನ ಮೇಯುತ್ತವೋ, ಬೆಂಕಿ ಬೀಳುತ್ತದೋ, ಇವೂ ಲೆಕ್ಕಕ್ಕೆ ಬರುತ್ತವೆ. ಹುಲ್ಲಿನ ಚಿಗುರು ಇರುವುದು ಬುಡದಲ್ಲಿ, ಹಾಗಾಗಿ ಮೇಯ್ದರೂ ಸುಟ್ಟರೂ ಮತ್ತೆ ಬರುತ್ತದೆ. ಅದಕ್ಕೆ ತಡೆಯಲಾಗದ್ದು ನೆರಳು.

ಹವಾಗುಣ, ಹವಾಮಾನ ಬೇರೆ ಬೇರೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಪೇಪರುಗಳು ಎರಡನ್ನೂ ಕಲಸಿಬಿಟ್ಟಿವೆ. ಇವತ್ತು ಸಂಜೆ ಮೆಜೆಸ್ಟಿಕ್‌ನಲ್ಲಿ ಸುರಿದ ಮಳೆ ಹವಾಮಾನ. 30 ವರ್ಷದ ಲೆಕ್ಕ ಹಾಕಿ ತೆಗೆದ ಸರಾಸರಿ ಹವಾಗುಣ. ಬಯೋಮ್ ಕೇಳುವುದು ಎರಡನೆಯದರ ಮಾತು.

ಇನ್ನು ಆ ಪಟ್ಟಿ. ಮೇಲೆ ದಪ್ಪಕ್ಷರದಲ್ಲಿ '20 ಪ್ರಭೇದ' ಅಂತಿತ್ತು. ನೋಡಿದರೆ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನಾಲ್ಕಕ್ಕೂ ಬೇರೆ ಬೇರೆ ನಂಬರು! ರುಚಿ ಬೇರೆ ಇರಬಹುದು, ತಳಿ ಬೇರೆ, ಪ್ರಭೇದ ಒಂದೇ, ಮಾವು. ತಮ್ಮ ತಮ್ಮಲ್ಲಿ ಸೇರಿ ಮರಿ ಮಾಡಬೇಕು, ಆ ಮರಿಗೂ ಮರಿಯಾಗಬೇಕು, ಆಗ ಒಂದು ಪ್ರಭೇದ. 1942ರಲ್ಲಿ ಜೀವವಿಜ್ಞಾನಿ ಅರ್ನ್‌ಸ್ಟ್ ಮೇಯರ್ ಕೊಟ್ಟ ವಿವರಣೆಯ ಸಾರ ಇಷ್ಟು. ಕತ್ತೆ, ಕುದುರೆ ಸೇರಿದರೆ ಹೇಸರಗತ್ತೆ ಹುಟ್ಟುತ್ತದೆ, ಅದರ ವಂಶ ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಅವು ಎರಡು. ಮಲ್ಲಿಕಾ ಹುಟ್ಟಿದ್ದು ನೀಲಂ, ದಶೇರಿ ಅನ್ನುವ ಎರಡು ಮಾವಿನ ತಳಿ ಸೇರಿ, ಹಾಗಾಗಿ ಇವು ಒಂದು. ಕೂಡುವ ಗೋಜೇ ಇಲ್ಲದ ಬ್ಯಾಕ್ಟೀರಿಯಾಗೆ ಈ ಅಳತೆ ಹೊಂದುವುದಿಲ್ಲ, ಅದು ಬೇರೆ ತಲೆನೋವು. ಕಸಿ ಕಟ್ಟಿದ ಬಾದಾಮಿ ಸಸಿಗಳಂತೂ ಇನ್ನೂರು ನೆಟ್ಟರೂ ಒಳಗಿನ ಜೀನು (ವಂಶವಾಹಿ) ಒಂದೇ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರಬಹುದು. ಜೀವವೈವಿಧ್ಯ ಅಂದಾಗ ಈ ಜೀನಿನ ವೈವಿಧ್ಯವನ್ನೂ ಎಣಿಸಬೇಕು, ಪ್ರಭೇದಗಳನ್ನೂ, ಕೊನೆಗೆ ಕಾಡು, ಕೆರೆ, ಹುಲ್ಲುಗಾವಲು ಅಂತ ಜಾಗಗಳನ್ನೂ.

ಅದೇ ಪಟ್ಟಿಯ ಕೊನೆಯಲ್ಲಿ ಆಲ, ಅರಳಿ, ಅತ್ತಿ ಮೂರನ್ನೂ ಸೇರಿಸಿ 'ಆಲದ ಜಾತಿ' ಅಂತ ಒಂದೇ ಸಾಲು! ಇವು ನಿಜಕ್ಕೂ ಬೇರೆ ಬೇರೆ ಪ್ರಭೇದ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಗಾದೆ ಇದೆಯಲ್ಲ, ಆ ಹುಳ ಒಂದು ಪುಟ್ಟ ಕಣಜ. ನಾವು ಕಾಯಿ ಅಂದುಕೊಳ್ಳುವುದು ಒಳಮುಖವಾಗಿ ಮುಚ್ಚಿಕೊಂಡ ನೂರಾರು ಹೂವು. ಹೆಣ್ಣು ಕಣಜ ತುದಿಯ ಕಿರುತೂತಿನಲ್ಲಿ ನುಸುಳುವಾಗ ರೆಕ್ಕೆಯೇ ಕಿತ್ತುಹೋಗುತ್ತದೆ, ಒಳಗೆ ಪರಾಗ ಉದುರಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಬಹುಪಾಲು ಆಲದ ಕಣಜ ಆಲಕ್ಕೇ, ಅತ್ತಿಯದು ಅತ್ತಿಗೇ. ಅದು ಬರದಿದ್ದರೆ ಬೀಜವಿಲ್ಲ.

ಪಟ್ಟಿಯಲ್ಲಿ ಮತ್ತೆ ಟಬೆಬುಯಾ, ಗುಲ್‌ಮೊಹರ್, ಮಳೆಮರ. ಮೊದಲಿನದೂ ಕೊನೆಯದೂ ಅಮೆರಿಕ ಖಂಡದವು, ನಡುವಿನದು ಮಡಗಾಸ್ಕರಿನದು. ದ್ವೇಷವೇನಿಲ್ಲ, ಟಬೆಬುಯಾ ಗುಲಾಬಿ ಬಣ್ಣಕ್ಕೆ ತಿರುಗಿದಾಗ ನಾನೂ ಗಾಡಿ ನಿಲ್ಲಿಸಿ ಫೋಟೊ ತೆಗೆಯುವವನೇ. ರಸ್ತೆಬದಿಗೆ ಸರಿ, ಹುಲ್ಲುಗಾವಲಿಗೆ ಬೇಡ. ರಾಣೆಬೆನ್ನೂರಿಗೆ ಹೋಗಿ ನೋಡಿ, ಬಯಲಲ್ಲಿ ಓಡುವ ಕೃಷ್ಣಮೃಗಕ್ಕೆ ಅಂತ 1974ರಲ್ಲಿ ಮೀಸಲಿಟ್ಟ ಜಾಗದಲ್ಲೂ ನೀಲಗಿರಿ ತೋಪು.

ಮ್ಯಾನೇಜರ್ ಒಳ್ಳೆಯವರು. ಸ್ವಲ್ಪ ಹೊತ್ತು ಸುಮ್ನೆ ನಿಂತು, "ಹಾಗಾದ್ರೆ ಸಸಿ ಏನು ಮಾಡೋದು ಸಾರ್?" ಅಂದರು. ಒಂದಿಷ್ಟು ಹೊಂಗೆ, ಬೇವು ಅವರ ಆಫೀಸಿನ ಪಾರ್ಕಿಂಗಿಗೆ ಹೋದವು. ಮಾವನ್ನು ಮನೆಗೊಂದು ಅಂತ ಹಂಚಿದರು. ಜೂನ್ ಕೊನೆಗೆ ಅವರೇ ಫೋನ್ ಮಾಡಿದರು, ಮರಿ ಆಯ್ತಾ ಅಂತ. ಹಿಂದಿನ ದಿನವಷ್ಟೇ ಹೋಗಿ ಬಂದಿದ್ದೆ. ತಗ್ಗು ಖಾಲಿ. ಟಿಟ್ಟಿಭದ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಯಲ್ಲಿ ಎದ್ದು ನಡೆಯುತ್ತದೆ, ಅಪಾಯ ಕಂಡರೆ ನೆಲಕ್ಕೊತ್ತಿ ಕಲ್ಲಿನ ಹಾಗೆ ಬಿದ್ದುಕೊಳ್ಳುತ್ತದೆ, ಹುಡುಕಿದರೆ ಸಿಗುವುದಿಲ್ಲ. ನಾಯಿ ತಿಂದಿದ್ದರೂ ತಗ್ಗು ಹೀಗೇ ಖಾಲಿ ಇರುತ್ತಿತ್ತು. ಆದರೆ ಜೋಡಿ ಮಾತ್ರ ಇನ್ನೂ ಅಲ್ಲೇ ಸುತ್ತುತ್ತ, ನನ್ನ ತಲೆಯ ಮೇಲೆ ಕಿರುಚುತ್ತಿತ್ತು. ಸುಣ್ಣದ ಗುರುತು ಮಳೆಗೆ ಕರಗಿಹೋಗಿತ್ತು.